ಊರಿನ ಪುಸ್ತಕದಲ್ಲಿ ನಾವಿಲ್ಲ

ಪುಸ್ತಕ ಬಂದ ದಿನ ನಮ್ಮ ಮನೆಯಲ್ಲಿ ಅನ್ನ ಸೀದುಹೋಯಿತು. ಪಾರ್ಸೆಲು ಒಡೆದ ನಾನು ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಕೆನಡಾದ ಸಸ್ಕ್ಯಾಚೆವನ್ ಪ್ರಾಂತ್ಯದ ಒಂದು ಪುಟ್ಟ ಹಳ್ಳಿಯ ಚರಿತ್ರೆ ಅದು, ಇಟ್ಟಿಗೆಯಷ್ಟು ದಪ್ಪ, ಗಟ್ಟಿ ರಟ್ಟು. ಆ ಊರಿನಲ್ಲಿ ಬಾಳಿದ ಪ್ರತಿಯೊಂದು ಮನೆತನಕ್ಕೂ ಅದರಲ್ಲಿ ಒಂದು ಪುಟ ಇರುತ್ತದೆ ಎಂದು ಮೊದಲೇ ಹೇಳಿದ್ದರು. ನಾನೂ ನನ್ನ ಗಂಡನೂ ಅಲ್ಲಿ ಹದಿನಾಲ್ಕು ವರ್ಷ ಇದ್ದು, ಆಮೇಲೆ ಅಮೆರಿಕದ ಸ್ಯಾನ್ ಹೊಸೆಗೆ ಬಂದವರು. ನಿಂತಲ್ಲೇ ನಮ್ಮ ಅಕ್ಷರ ಹುಡುಕಿದೆ. ನಾವಿರಲಿಲ್ಲ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ನಮ್ಮ ಹೆಸರು ಬರಬೇಕಾದ ಜಾಗದಲ್ಲಿ ಎಡಕ್ಕೆ ಗೋಧಿ ಬೆಳೆಯುವ ಒಂದು ಸ್ಕಾಟಿಷ್ ಮನೆತನ ಮೂರು ಮದುವೆಯ ಫೋಟೋಗಳ ಸಮೇತ ಕೂತಿತ್ತು. ಬಲಕ್ಕೆ ಪೂರ್ತಿ ಖಾಲಿ ಪುಟ. ಹಾಳೆ ತಿರುಗಿಸಿದರೆ ಮುಂದಿನ ಮನೆತನ. ಕಾಗದವನ್ನು ಬಿಳಿಯಾಗಿಯೇ ದಂಡ ಮಾಡಲು ಇವರಿಗೆ ಮನಸ್ಸಿದೆ, ಅದರ ಮೇಲೆ ನಮ್ಮ ಹೆಸರು ಹಾಕಲು ಮಾತ್ರ ಇಲ್ಲ! ಪಿತ್ತ ನೆತ್ತಿಗೇರಿತು.

ಇನ್ನೂ ಇತ್ತು. ಊರ ಸಭಾಂಗಣದ ಅಡುಗೆಮನೆಯ ಒಂದು ಫೋಟೋ. ಏಳು ಹೆಂಗಸರು ಏಪ್ರನ್ ಕಟ್ಟಿಕೊಂಡು ಸಾಲಾಗಿ ನಿಂತಿದ್ದಾರೆ. ಕೆಳಗೆ ಆರು ಹೆಸರು, ಆಮೇಲೆ 'ಮತ್ತು ಒಬ್ಬ ಸಹಾಯಕಿ'. ಆ ಸಹಾಯಕಿ ನಾನು. ಆಲೂಗಡ್ಡೆ ಬೇಯುವ ಹಬೆಯಲ್ಲಿ ಅರ್ಧ ಮುಖ ಮುಚ್ಚಿಹೋಗಿದೆ, ಆದರೂ ಹಣೆಯ ಕುಂಕುಮ ಸ್ಪಷ್ಟವಾಗಿ ಕಾಣುತ್ತದೆ. ಆ ಊರಿನಲ್ಲಿ ಕುಂಕುಮ ಇಡುತ್ತಿದ್ದವರು ಎಷ್ಟು ಜನರಿದ್ದರಂತೆ, ಗುರುತು ಸಿಗದೇ ಹೋಗಲು?

"ರೀ, ಬನ್ನಿ ಇಲ್ಲಿ, ನೋಡಿ ನಿಮ್ಮ ಊರಿನವರು ಮಾಡಿರೋ ಕೆಲಸ" ಎಂದು ಕೂಗಿದೆ. ನನ್ನ ಗಂಡ ದನದ ಡಾಕ್ಟರು. ಮಂಡ್ಯ ಕಡೆಯವರು. ಹಸು ಒದ್ದರೂ ಅದಕ್ಕೆ ಎಲ್ಲೋ ನೋವಿರಬೇಕು ಅನ್ನುವ ಮನುಷ್ಯ. ಬಂದರು, ನೋಡಿದರು, ಮೂಗು ಅರಳಿಸಿ, "ಮೊದ್ಲು ಸ್ಟವ್ ಆಫ್ ಮಾಡೇ, ಸೀದ ವಾಸ್ನೆ ಬರ್ತಿದೆ" ಅಂದರು. ಆಮೇಲೆ, "ಪುಸ್ತಕ ಅಂದ್ಮೇಲೆ ಒಂದೆರಡು ತಪ್ಪು ಇದ್ದೇ ಇರುತ್ತೆ, ಬಿಡು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾವು ಹದಿನಾಲ್ಕು ವರ್ಷ ಬಾಳಿದ್ದು ಇವರಿಗೆ ಒಂದು ಅಚ್ಚಿನ ತಪ್ಪು!

ಆ ಊರು ಹುಟ್ಟಿದ್ದೇ ರೈಲಿನಿಂದ. ರೈತನೊಬ್ಬ ಗಾಡಿಯಲ್ಲಿ ಗೋಧಿ ತುಂಬಿಕೊಂಡು ಹೊರಟರೆ ಕತ್ತಲಾಗುವುದರೊಳಗೆ ಇಳಿಸಿ ಮನೆ ಸೇರಬೇಕು, ಆ ಅಳತೆಗೆ ರೈಲಿನವರು ಒಂದೊಂದು ನಿಲ್ದಾಣ ನೆಟ್ಟರಂತೆ. ನಿಲ್ದಾಣದ ಪಕ್ಕ ಗೋಧಿ ತುಂಬಿಡಲು ಮರದ ಎತ್ತರದ ಕಣಜ, ಕಣಜದ ಸುತ್ತ ಊರು. ಉಕ್ರೇನಿನವರು, ಸ್ಕಾಟ್‌ಲೆಂಡಿನವರು, ಜರ್ಮನಿಯವರು, ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲದವರೆಲ್ಲ ಸೇರಿ ತಲೆಗೊಂದರಂತೆ ಹಲಗೆ ಹೊತ್ತು ಸಭಾಂಗಣ ಕಟ್ಟಿದರು. ಮದುವೆ, ಶವಸಂಸ್ಕಾರದ ಊಟ, ಇಸ್ಪೀಟು, ಚುನಾವಣೆ ಎಲ್ಲ ಅಲ್ಲೇ. ನಾವು ಹೋಗುವ ಹೊತ್ತಿಗೆ ರೈಲು ವಾರಕ್ಕೊಮ್ಮೆ ಬರುತ್ತಿತ್ತು. ನಾವಿದ್ದಾಗಲೇ ಅದೂ ನಿಂತಿತು, ಶಾಲೆ ಮುಚ್ಚಿತು. ಒಂದು ಬೆಳಿಗ್ಗೆ ಯಂತ್ರ ತಂದು ಕಣಜವನ್ನು ಕೆಡವಿದರು. ಊರಿಗೆ ಊರೇ ಮಡಚುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ನೋಡುತ್ತಾ ಕೂತಿತ್ತು. ಕಣಜ ಬಿದ್ದಾಗ ಎಲ್ಲರೂ ಕುರ್ಚಿ ಮಡಚಿಕೊಂಡು ಎದ್ದರು. ನಾನು ಮಾತ್ರ ಅತ್ತೆ.

ಈಗ ಅದು ಊರು ಕೂಡ ಅಲ್ಲ. ಜನ ಕಡಿಮೆಯಾದರು, ಪಂಚಾಯಿತಿ ನಡೆಸುವವರು ಸಿಗಲಿಲ್ಲ, ಊರು ಎನ್ನುವ ಪಟ್ಟವನ್ನು ಸರ್ಕಾರಕ್ಕೆ ವಾಪಸು ಕೊಟ್ಟುಬಿಟ್ಟರು. ಹಾಗೆ ಕೊಡುವ ಮೊದಲು ಉಳಿದವರು ಸೇರಿ ಈ ಪುಸ್ತಕ ಮಾಡಿದ್ದು. ಇನ್ನು ಮೇಲೆ ಆ ಊರು ಇರುವುದು ಪುಸ್ತಕದಲ್ಲಿ ಮಾತ್ರ. ಅದರಲ್ಲಿ ಇಲ್ಲದವರು ಆ ಊರಿನಲ್ಲೂ ಇರಲಿಲ್ಲ ಎಂದೇ ಲೆಕ್ಕ. ನನ್ನ ಸಿಟ್ಟು ಇದಕ್ಕೆ. ಹೊಗಳಿಕೆ ಬೇಕಾಗಿರಲಿಲ್ಲ ನನಗೆ. ನಾವು ಅಲ್ಲಿದ್ದೆವು ಎಂದು ಒಂದು ಸಾಲು ಬೇಕಾಗಿತ್ತು.

ಹಾಗೆ ನೋಡಿದರೆ ನಮ್ಮನ್ನು ಅಳಿಸುವ ಅಭ್ಯಾಸ ಆ ಊರಿಗೆ ಮೊದಲಿನಿಂದಲೂ ಇತ್ತು. ನಾವಿದ್ದ ಮನೆಯನ್ನು ಕಟ್ಟಿಸಿದವನು ಒಬ್ಬ ಬೇಕರಿಯವನು. ಅವನು ಸತ್ತು ಎಷ್ಟೋ ಕಾಲವಾಗಿತ್ತು. ನಾವು ಬಣ್ಣ ಬಳಿಸಿದೆವು, ಬಾಗಿಲಿಗೆ ತೋರಣ ಕಟ್ಟಿದೆವು, ಮಗಳನ್ನು ಅಲ್ಲೇ ಬೆಳೆಸಿದೆವು. ಊರಿನ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ಬೇಕರಿಯವನ ಮನೆ. "ಡಾಕ್ಟರು ಬೇಕರಿಯವನ ಮನೇಲಿದಾರೆ" ಎಂದೇ ದಾರಿ ಹೇಳುತ್ತಿದ್ದರು. ನಾವು ಅಲ್ಲಿಂದ ಹೊರಟ ಮೇಲೆ ಆ ಮನೆಗೆ ಬಂದವರಾದರೂ 'ಡಾಕ್ಟರ ಮನೆ' ಎಂದು ಕೇಳಿಸಿಕೊಂಡಾರು ಅಂದುಕೊಂಡಿದ್ದೆ. ಎಲ್ಲಿ! ಬೇಕರಿಯವನೇ ಗೆದ್ದ.

ಎದುರು ಮನೆಯಲ್ಲಿ ಒಬ್ಬ ಹೆಂಗಸಿದ್ದಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಉಕ್ರೇನ್ ಮೂಲದ ರೈತರ ಮನೆಯವಳು. ನಾವು ಆ ಊರಿಗೆ ಹೋದ ವರ್ಷ, ಸುಗ್ಗಿ ಮುಗಿದ ಮೇಲೆ ಸಭಾಂಗಣದಲ್ಲಿ ನಡೆಯುವ ಊರೂಟಕ್ಕೆ ಅವಳೇ ನನ್ನನ್ನು ಕರೆದುಕೊಂಡು ಹೋದಳು. ಬಂದವರಿಗೆಲ್ಲ ಟರ್ಕಿ ಕೋಳಿ. ಕೋಳಿ ಮುಟ್ಟದ ನನಗೆ ಒಂದಿಷ್ಟು ಆಲೂಗಡ್ಡೆ, ಬೇಯಿಸಿದ ಹುರುಳಿಕಾಯಿ, ಕೊನೆಗೆ ಹಿಟ್ಟಿನೊಳಗೆ ಕಾಡುಹಣ್ಣು ತುಂಬಿ ಸುಟ್ಟ ಸಿಹಿ ಪೈಯ ಒಂದು ತುಂಡು. ಅದಂತೂ ಅಮೃತ. "ಇನ್ನೊಂದು ಹಾಕಲಾ?" ಎಂದು ಕೇಳಿದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಹಾಸನದ ನನ್ನ ತಾಯಿ ಕಲಿಸಿದ ಹಾಗೆ "ಬೇಡ, ಬೇಡ, ಸಾಕು" ಅಂದೆ. ಇನ್ನೊಂದು ಸಲ ಕೇಳುತ್ತಾಳೆ, ಆಗಲೂ ಬೇಡ ಅನ್ನಬೇಕು, ಮೂರನೇ ಸಲ ಬಲವಂತ ಮಾಡಿದಾಗ "ಅಯ್ಯೋ, ಸ್ವಲ್ಪವೇ ಸ್ವಲ್ಪ" ಎನ್ನುತ್ತಾ ತಟ್ಟೆ ಮುಂದೆ ಮಾಡಬೇಕು. ಅವಳು ತಟ್ಟೆಯನ್ನೇ ಎತ್ತಿಕೊಂಡು ಹೋದಳು! ಮನೆಗೆ ಬಂದು ಅವಲಕ್ಕಿ ಕಲಸಿಕೊಂಡು ತಿಂದೆ.

ಮರುದಿನ ಅವಳಿಗೆ ನೇರವಾಗಿ ಹೇಳಿಬಿಟ್ಟೆ. ನಮ್ಮ ಕಡೆ ಒಂದು ಸಲ ಕೇಳಿದರೆ ಕೇಳಿದ ಹಾಗಲ್ಲ, ಮೂರು ಸಲ ಕೇಳಬೇಕು, ಮೊದಲೆರಡು ಬೇಡ ಬರೀ ಮರ್ಯಾದೆಯ ಬೇಡ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಪ್ರತಿ ವರ್ಷವೂ ಊರೂಟದಲ್ಲಿ ಬೆರಳು ಮಡಚುತ್ತಾ, "ಒಂದು, ಹಾಕಲಾ? ಎರಡು, ಹಾಕಲಾ? ಮೂರು, ಈಗ ಹಾಕ್ತೀನಿ" ಎಂದು ಬಡಿಸುತ್ತಿದ್ದಳು. ಪೈಯ ಹಿಟ್ಟಿಗೆ ಅಲ್ಲಿ ಹಂದಿಯ ಕೊಬ್ಬು ಹಾಕುತ್ತಾರೆ ಎಂದು ತಿಳಿದು ನಾನು ಬಿಳಿಚಿಕೊಂಡ ಮೇಲೆ, ನನ್ನದೊಂದನ್ನು ಬೆಣ್ಣೆಯಲ್ಲೇ ಮಾಡಿ ಬೇರೆ ಬಟ್ಟೆ ಮುಚ್ಚಿ ಇಡುತ್ತಿದ್ದಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಪುಸ್ತಕದ ಸಮಿತಿಯ ಮುಖ್ಯಸ್ಥೆ ಬೇರೆ ಯಾರೂ ಅಲ್ಲ, ಅವಳೇ.

ಸಮಿತಿಯ ಇನ್ನೊಂದು ಘನಕಾರ್ಯ ಕೇಳಿ. ಪಂಚಾಯಿತಿ ಕಚೇರಿಯ ಹಿಂದಿನ ಒಂದೇ ಕೋಣೆಯ ಗ್ರಂಥಾಲಯವನ್ನು ಹನ್ನೊಂದು ವರ್ಷ ನಡೆಸಿದವಳು ನಾನು. ಚಳಿಗಾಲದ ಬುಧವಾರಗಳಲ್ಲಿ ಮುದುಕರು ಹೀಟರಿನ ಪಕ್ಕ ಬಂದು ಕೂರುತ್ತಿದ್ದರು. ಪುಸ್ತಕ ಮುಟ್ಟುತ್ತಿರಲಿಲ್ಲ, ಮಾತು ಮಾತ್ರ. ಬೇರು ಸಮೇತ ನೆಲದಿಂದ ಕಡಿದ ಹುಲ್ಲುಹೆಂಟೆಗಳ ಗೋಡೆ ಕಟ್ಟಿಕೊಂಡು ಕಳೆದ ಮೊದಲ ಚಳಿಗಾಲ, ಹಿಮಗಾಳಿಯಲ್ಲಿ ಕೊಟ್ಟಿಗೆಗೆ ಹೋದವರು ದಾರಿ ತಪ್ಪಬಾರದೆಂದು ಬಾಗಿಲಿನಿಂದ ಬಾಗಿಲಿಗೆ ಕಟ್ಟುತ್ತಿದ್ದ ಹಗ್ಗ, ಸಭಾಂಗಣದ ಒಲೆ ಹೊತ್ತು ತಂದ ಕಥೆ. ಸುಮ್ಮನೆ ಕೂರಲಾಗದೆ ನೋಟುಬುಕ್ಕುಗಳಲ್ಲಿ ಬರೆದಿಟ್ಟೆ, ಹೊರಡುವಾಗ ಅಲ್ಲೇ ಬಿಟ್ಟು ಬಂದೆ. ಈಗ ಪುಸ್ತಕದ ಮೊದಲ ಅಧ್ಯಾಯ ತೆಗೆದರೆ ಹಗ್ಗ, ಒಲೆ, ಹುಲ್ಲುಹೆಂಟೆ ಎಲ್ಲ ಇವೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಆಧಾರ: ಗ್ರಂಥಾಲಯದ ನೋಟುಬುಕ್ಕುಗಳು'. ನೋಟುಬುಕ್ಕುಗಳು ತಮ್ಮಷ್ಟಕ್ಕೆ ತಾವೇ ಬರೆದುಕೊಂಡವೋ ಏನೋ!

ಸರಿ, ನನ್ನ ತಪ್ಪನ್ನೂ ಹೇಳುತ್ತೇನೆ, ಅದನ್ನು ತಪ್ಪು ಎಂದು ನಾನು ಒಪ್ಪದಿದ್ದರೂ. ಪುಸ್ತಕ ಬರುವ ಎರಡು ವರ್ಷ ಮೊದಲು ಎದುರು ಮನೆಯವಳ ಕಾಗದ ಬಂದಿತ್ತು. ಊರಿನ ಪುಸ್ತಕ ಮಾಡುತ್ತಿದ್ದೇವೆ, ಪ್ರತಿ ಮನೆಯವರೂ ತಮ್ಮ ಪುಟವನ್ನು ತಾವೇ ಬರೆದು ಕಳಿಸಬೇಕು, ಸುಗ್ಗಿಯೊಳಗೆ ಕಳಿಸು ಎಂದು. ತಮ್ಮ ಬಗ್ಗೆ ತಾವೇ! ನಮ್ಮ ತಾಯಿ ಕೇಳಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು. ನಮ್ಮ ವಿಷಯವನ್ನು ಬೇರೆಯವರು ಹೇಳಬೇಕು, ನಾವು ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು, ನಮಗೆ ಗೊತ್ತಿರುವುದು ಹಾಗೆ. ಅದಕ್ಕೆ ನಾನು ಅವಳ ಬಗ್ಗೆ ಬರೆದೆ, ನಾಲ್ಕು ಹಾಳೆ. ಬೆಣ್ಣೆಯ ಪೈ, ಹಿಮ ಬಿದ್ದಾಗ ಅವಳು ನಮ್ಮ ಮೆಟ್ಟಿಲನ್ನು ಮೊದಲು ಗೋರಿ ಆಮೇಲೆ ತನ್ನದನ್ನು ಗೋರುತ್ತಿದ್ದದ್ದು, ನನ್ನ ಬಾಣಂತನದಲ್ಲಿ ಬೀಟ್‌ರೂಟಿನ ಸಾರು ತಂದು ಕೊಟ್ಟದ್ದು. ಕೊನೆಯಲ್ಲಿ 'ನಮ್ಮ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ' ಎಂದು ಸೇರಿಸಿದೆ. ಅದು ಮೊದಲನೆಯ ಬೇಡ.

ಕ್ರಿಸ್‌ಮಸ್ ಕಾರ್ಡಿನಲ್ಲಿ ಎರಡನೆಯ ಸಲ ಕೇಳಿದಳು. 'ಕಾಗದ ಓದಿದೆ, ನಕ್ಕೆ, ಅತ್ತೆ. ನಿಮ್ಮ ಪುಟ ಮಾತ್ರ ಇನ್ನೂ ಬಂದಿಲ್ಲ.' ನಾನು ಉತ್ತರ ಬರೆದೆ: 'ಅಯ್ಯೋ, ನಮ್ಮದೇನು ಮಹಾ.' ಎರಡನೆಯ ಬೇಡವೂ ಆಯಿತು. ಇನ್ನು ಮೂರನೆಯದಕ್ಕೆ ನಾನು ತಯಾರು. ಮನಸ್ಸಿನಲ್ಲೇ ಪುಟ ಸಿದ್ಧವಾಗಿತ್ತು. ಗ್ರೋಸರಿಗೆ ನಡೆದುಹೋಗುವಾಗ ಒಂದೊಂದು ವಾಕ್ಯ ತಿದ್ದಿಕೊಳ್ಳುತ್ತಿದ್ದೆ. ದಿನಾ ಮಧ್ಯಾಹ್ನ ಅಂಚೆಪೆಟ್ಟಿಗೆ ತೆಗೆದು ನೋಡುತ್ತಿದ್ದೆ. ಮೂರನೆಯ ಕಾಗದ ಬರಲೇ ಇಲ್ಲ. ಪುಸ್ತಕವೇ ಬಂತು.

ಬೇರೆ ಯಾರಾದರೂ ಆಗಿದ್ದರೆ ತಿಳಿಯದವರು ಎಂದು ಬಿಡಬಹುದಿತ್ತು. ಬೆರಳು ಮಡಚಿ ಎಣಿಸಿದವಳು ಅವಳು. ಗೊತ್ತಿದ್ದೂ ಗೊತ್ತಿದ್ದೂ ಎರಡಕ್ಕೇ ನಿಲ್ಲಿಸಿದಳು. ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿ, ಅದರ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದೆ.

ಆ ಭಾನುವಾರ ಸ್ಯಾನ್ ಹೊಸೆಯ ನಮ್ಮ ಮನೆಗೆ ಕೆಲವರನ್ನು ಊಟಕ್ಕೆ ಕರೆದಿದ್ದೆವು. ಹೋಳಿಗೆ ಬಡಿಸುತ್ತಾ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು, ಮಗನ ಮನೆಗೆ ಬಂದವರು, ನನ್ನ ಪಕ್ಷ ಹಿಡಿದರು. "ಎರಡ ಸಲ ಕೇಳಿ ಸುಮ್ಮನಾದ್ರ ಅದೇನ್ ಕೇಳಿದ್ಹಂಗ ಆತೇನ್ರಿ? ನಮ್ಮ ಕಡೆ ಮನಿ ಮಟಾ ಬಂದು ಕೈ ಹಿಡದು ಕರಕೊಂಡ ಹೋಗ್ತಾರ" ಎಂದರು. ಅವರ ಮಗ, ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡಲು ದಿನಾ ದೂರದ ಎಮರಿವಿಲ್‌ವರೆಗೆ ಹೋಗಿಬರುವವನು, ನಕ್ಕುಬಿಟ್ಟ. "ಆಂಟಿ, ನೀವೇ ಬೇಡ ಅಂತ ಆಪ್ಟ್ ಔಟ್ ಮಾಡಿದ್ರಲ್ಲಾ. ಅವರು ಫಾಲೋಅಪ್ಪೂ ಮಾಡಿದಾರೆ. ಇನ್ನೇನ್ ಮಾಡ್ಬೇಕಿತ್ತು ಪಾಪ?"

"ನಿನ್ನ ತಟ್ಟೆ ನೋಡ್ಕೋಪ್ಪ" ಅಂದೆ. "ಹೋಳಿಗೆ ಬೇಡ ಬೇಡ ಅಂದು ಈಗ ಎಷ್ಟನೇದು ತಿಂತಿದೀಯ? ಮೊದಲ್ನೇ ಬೇಡಕ್ಕೇ ನಾನು ಒಳಗೆ ಹೋಗಿದ್ರೆ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈ ಬೀದಿಯಲ್ಲಿ ನಾವು ಇರಲು ಬಂದು ಆ ಊರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಲವಾಗಿದೆ. ಎಡಗಡೆ ಮನೆಯವರು ಗರಾಜಿನ ಬಾಗಿಲು ಎತ್ತಿ, ಕಾರು ಒಳಗೆ ಬಿಟ್ಟು, ಬಾಗಿಲು ಇಳಿಸುತ್ತಾರೆ. ಅವರ ಮುಖವನ್ನು ನಾನು ಸರಿಯಾಗಿ ಕಂಡಿಲ್ಲ. ಈ ಬೀದಿಯ ಪುಸ್ತಕವನ್ನು ಯಾರೂ ಬರೆಯುವುದಿಲ್ಲ, ಬರೆದರೂ ಅದರಲ್ಲಿ ಹಾಕಲು ಯಾರಿಗೂ ಏನೂ ಗೊತ್ತಿಲ್ಲ. ನಮ್ಮದು ಎಂದು ದಾಖಲಾಗಲು ಇದ್ದ ಊರು ಅದೊಂದೇ. ಅದನ್ನು ಈ ಹುಡುಗರಿಗೆ ಹೇಗೆ ಹೇಳಲಿ?

ಊಟವಾದ ಮೇಲೆ ಪುಸ್ತಕ ಹೊರಗೆ ತೆಗೆದವಳು ನನ್ನ ಮೊಮ್ಮಗಳು. ಹನ್ನೊಂದು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಸೋಫಾದಲ್ಲಿ ಮಲಗಿ ಹಿಂದಿನಿಂದ ಹಾಳೆ ತಿರುಗಿಸುತ್ತಿದ್ದವಳು ಎದ್ದು ಕೂತಳು. "ಅಜ್ಜಿ, ದಿಸ್ ಈಸ್ ಯೂ! ದಿಸ್ ಸೌಂಡ್ಸ್ ಲೈಕ್ ಯೂ!" ಎಂದಳು.

ಎದುರು ಮನೆಯವಳ ಪುಟ ಅದು, ಅಕ್ಷರಮಾಲೆಯ ಕೊನೆಯಲ್ಲಿ. ಶಪಥ ಮಾಡಿದ್ದರಿಂದ ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಕನ್ನಡಕ ಹಾಕಿಕೊಂಡೆ. ಬೆಣ್ಣೆಯ ಪೈ. ಮೆಟ್ಟಿಲ ಮೇಲಿನ ಹಿಮ. ಬೀಟ್‌ರೂಟಿನ ಸಾರು. ನನ್ನ ನಾಲ್ಕು ಹಾಳೆಗಳೇ, ಒಂದಕ್ಷರ ಬಿಡದೆ. ತನ್ನ ಬಗ್ಗೆ ಅವಳು ಒಂದು ಪದವನ್ನೂ ಬರೆದುಕೊಂಡಿರಲಿಲ್ಲ. ಕೆಳಗೆ 'ರಸ್ತೆಯ ಆಚೆಯ ಗೆಳತಿ ಬರೆದದ್ದು' ಎಂದಿತ್ತು. ಕಣ್ಣು ತುಂಬಿ ಬಂತು, ನಿಜ. ಆದರೆ ಅದರ ಮೇಲಿನ ಸಾಲು ಓದಿದವಳಿಗೆ ಬಂದ ನೀರು ಹಾಗೇ ಬತ್ತಿಹೋಯಿತು. 'ನಮ್ಮ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.' ಅಚ್ಚಾಗಿದೆ! ಕಪ್ಪು ಶಾಯಿಯಲ್ಲಿ, ಶಾಶ್ವತವಾಗಿ. ಆ ಊರಿನ ಚರಿತ್ರೆಯಲ್ಲಿ ನಮ್ಮ ಬಗ್ಗೆ ಇರುವ ಒಂದೇ ಒಂದು ಮಾತು ಅದು, ಅದೂ ನನ್ನ ಬಾಯಿಂದಲೇ.

ಫೋನು ಎತ್ತಿದೆ. ಅವಳು ಈಗ ಪಕ್ಕದ ಪಟ್ಟಣದ ವೃದ್ಧಾಶ್ರಮದಲ್ಲಿದ್ದಾಳೆ, ತೊಂಬತ್ತರ ಹತ್ತಿರ, ಕಿವಿ ಮಂದ. ನಾನು ಕಿರುಚುವುದಕ್ಕೆ ಅದೊಂದು ಒಳ್ಳೆಯ ನೆಪವಾಯಿತು. ನನ್ನ ಗಂಡ ಎದ್ದು ಹೋಗಿ ಕಿಟಕಿ ಮುಚ್ಚಿದರು.

"ಕೊನೆಯ ಸಾಲು ಯಾಕೆ ಹಾಕಿದೆ? ಅದು ಮರ್ಯಾದೆಗೆ ಬರೆದ ಮಾತು ಅಂತ ನಿನಗೆ ಗೊತ್ತಿರಲಿಲ್ಲವಾ?" ಎಂದೆ ಇಂಗ್ಲಿಷಿನಲ್ಲಿ.

"ಗೊತ್ತಿತ್ತು. ನಾನು ಅದನ್ನ ನಂಬಲಿಲ್ಲ" ಎಂದಳು. "ಆದರೆ ಇನ್ನೊಬ್ಬರ ಕಾಗದ ಕತ್ತರಿಸೋಕೆ ನಾನ್ಯಾರು?"

"ಎರಡೇ ಸಲ ಕೇಳಿದೆ! ಮೂರು ಸಲ ಕೇಳಬೇಕು ಅಂತ ಕಲಿಸಿದವಳು ನಾನು. ಬೆರಳು ಮಡಚಿ ಎಣಿಸಿದವಳು ನೀನು!"

ಅಷ್ಟನ್ನೂ ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ, "ಖಾಲಿ ಪುಟ ನೋಡಲಿಲ್ಲವಾ?" ಎಂದಳು.

"ನೋಡಿದೆ. ಕಾಗದ ದಂಡ."

"ಅದು ನಿನ್ನದು. ಬರಹ ಇಲ್ಲದೆ ಹೆಸರು ಹಾಕೋಕೆ ಸಮಿತಿಯವರು ಒಪ್ಪಲಿಲ್ಲ. ಪುಟ ತೆಗೆದುಹಾಕೋಣ ಅಂದರು. ಇಡೀ ಚಳಿಗಾಲ ಜಗಳ ಆಡಿ ಅದನ್ನ ಉಳಿಸಿಕೊಂಡೆ. ಊರಿನ ಪ್ರತಿ ಮನೆಯ ಪುಸ್ತಕದಲ್ಲೂ ಆ ಪುಟ ಹಾಗೇ ಇದೆ, ನಿನಗೆ ಕಾಯ್ತಾ ಇದೆ." ಊರೂಟದಲ್ಲಿ ಎಣಿಸುತ್ತಿದ್ದ ದನಿಯಲ್ಲೇ ಹೇಳಿದಳು, "ಮೂರು."

ಒಳ್ಳೆಯ ಮಾತು ಹೇಳಲು ಬಾಯಿ ತೆರೆದೆ. ಸಿಟ್ಟೇ ಹೊರಟಿತು. "ಹಾಗಂತ ಒಂದು ಚೀಟಿ ಬರೆದು ಪಾರ್ಸೆಲಿನಲ್ಲಿ ಇಡೋಕೆ ಏನಾಗಿತ್ತು ನಿನಗೆ? ನಾನಿಲ್ಲಿ ಅನ್ನ ಸೀಯಿಸಿಕೊಂಡು ಕೂತಿದ್ದೀನಿ!"

"ನೀನು ನೋಡಿದ ತಕ್ಷಣ ತಿಳ್ಕೊತೀಯ ಅಂದುಕೊಂಡೆ" ಎಂದಳು. "ಬರೆದು ಕಳಿಸು. ಪ್ರತಿ ತೆಗೆಸಿ, ಎಲ್ಲರ ಪುಸ್ತಕ ತರಿಸಿ ಅಂಟಿಸ್ತೀನಿ. ಕೈ ಇನ್ನೂ ಆಡುತ್ತೆ. ಆದರೆ ಬೇಗ ಕಳಿಸು, ನನಗೆ ಕಾಯೋಕೆ ಜಾಸ್ತಿ ಟೈಮಿಲ್ಲ."

ಮರುದಿನ ಬೆಳಿಗ್ಗೆ ಅಡುಗೆಮನೆಯ ಊಟದ ಮೇಜಿನ ಮುಂದೆ ಕೂತೆ. ಒಂದು ಹಾಳೆ ತುಂಬಿಸಿ ಓದಿ ನೋಡಿದರೆ ಇಡೀ ಪುಟ ಅವಳದೇ ಜಪ. ಹರಿದುಹಾಕಿದೆ. ಎರಡನೆಯ ಹಾಳೆಯಲ್ಲಿ ನನ್ನ ಗಂಡ ಮೈನಸ್ ಮೂವತ್ತರ ಚಳಿಯಲ್ಲಿ ತೋಳಿನವರೆಗೆ ಕೈ ಹಾಕಿ ಕರು ಎಳೆದದ್ದು ಬಂತು. ಅದನ್ನೂ ಹರಿದೆ. ಅಷ್ಟು ದಿನ ಗ್ರೋಸರಿಯ ದಾರಿಯಲ್ಲಿ ತಿದ್ದಿ ತಿದ್ದಿ ಇಟ್ಟಿದ್ದ ವಾಕ್ಯಗಳಲ್ಲಿ ಒಂದೂ ಕೈಗೆ ಬರಲಿಲ್ಲ. ಈ ವಯಸ್ಸಿನಲ್ಲಿ, ಯಾರೂ ನೋಡದ ಅಡುಗೆಮನೆಯಲ್ಲಿ, 'ನಾನು' ಎಂದು ಬರೆಯಲು ನನಗೆ ಇಷ್ಟು ನಾಚಿಕೆಯೇ? ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು.

ಮೂರನೆಯ ಹಾಳೆಯಲ್ಲಿ ಬರೆದೆ: 'ನಾನು ಈ ಊರಿನ ಗ್ರಂಥಾಲಯವನ್ನು ಹನ್ನೊಂದು ವರ್ಷ ನಡೆಸಿದೆ. ಮೊದಲ ಅಧ್ಯಾಯದ ನೋಟುಬುಕ್ಕುಗಳು ನನ್ನವು. ಅಡುಗೆಮನೆಯ ಫೋಟೋದಲ್ಲಿ ಕೊನೆಗೆ ನಿಂತಿರುವ ಸಹಾಯಕಿ ನಾನು. ಕಣಜ ಕೆಡವಿದ ದಿನ ಅತ್ತವಳೂ ನಾನೇ. ನಾವಿದ್ದದ್ದು ಬೇಕರಿಯವನ ಮನೆಯಲ್ಲಲ್ಲ, ನಮ್ಮ ಮನೆಯಲ್ಲಿ.' ಆಮೇಲೆ ಕೈ ನಿಲ್ಲಲಿಲ್ಲ. ಹಾಳೆಯ ಹಿಂದೆಯೂ ತುಂಬಿತು. ಇನ್ನೊಂದು ಹಾಳೆ ತೆಗೆದುಕೊಂಡೆ.

ಲಕೋಟೆ ಅಂಟಿಸುವ ಮೊದಲು ಒಂದು ಚೀಟಿ ಬರೆದು ಒಳಗಿಟ್ಟೆ. ಒಂದು ಪುಟಕ್ಕೆ ಹಿಡಿಸುವುದಿಲ್ಲ, ಮಡಚಿ ಅಂಟಿಸು, ಒಂದು ಪದವನ್ನೂ ಕತ್ತರಿಸಬೇಡ ಎಂದು.